ತಂಬೂರಿಗೆ ಸೇರಿಸಿದ ಗಿಟಾರು

ಚೆನ್ನೈನಲ್ಲಿ ನಿವೃತ್ತರಾದವರು ಮರೀನಾ ಬೀಚಿನಲ್ಲಿ ವಾಕಿಂಗ್ ಹೋಗುತ್ತಾರೆ. ನಮ್ಮ ತ್ರಿಪ್ಲಿಕೇನಿನ ಹರಿದಾಸರು ಗಿಟಾರ್ ಕ್ಲಾಸಿಗೆ ಹೋದರು. ಗಿಟಾರು ಅವರಿಗೆ ಹೊಸದೇನಲ್ಲ. ಮದುವೆಯಾದ ಹೊಸತರಲ್ಲಿ ಕೊಂಡು, ಕಿವಿಯನ್ನೇ ಗುರು ಮಾಡಿಕೊಂಡು, ಮನೆಯಲ್ಲಿ ಹೆಂಡತಿ ಭೀಮಾಬಾಯಿ ನಡೆಸುವ ಗುರುವಾರದ ಭಜನೆಗೆ ಇಷ್ಟು ವರ್ಷವೂ ನುಡಿಸಿದವರು.

ಕಲಿಸುವವಳು ಹಾಸನದಿಂದ ಕೆಲಸಕ್ಕೆಂದು ಚೆನ್ನೈಗೆ ಬಂದಿದ್ದ ಅನು. ಮೊದಲ ದಿನ ಅವರ ಗಿಟಾರಿನ ತಂತಿಗಳ ಮೇಲೆ ಒಮ್ಮೆ ಬೆರಳೆಳೆದು ಹುಬ್ಬೇರಿಸಿದಳು.

“ಅಂಕಲ್, ಇದನ್ನ ಯಾರು ಟ್ಯೂನ್ ಮಾಡಿದ್ದು?”

“ನಾನೇ ಮಾ. ಮನೇಲಿ ತಂಬೂರಿ ಇದೆಯಲ್ಲ, ಅದರ ಶ್ರುತಿಗೆ ಸೇರಿಸ್ಕೊಂಡೆ.”

ತಂಬೂರಿಯಲ್ಲಿದ್ದಂತೆಯೇ ಆರೂ ತಂತಿಗಳಲ್ಲಿ ಷಡ್ಜ, ಪಂಚಮ ಬಿಟ್ಟರೆ ಬೇರೆ ಸ್ವರವೇ ಇರಲಿಲ್ಲ. ಅನು ನಗು ತಡೆದುಕೊಂಡು ಬಿರಡೆಗಳನ್ನು ತಿರುಗಿಸಿ ಸರಿಮಾಡಿಕೊಟ್ಟಳು. ಅಂದಿನಿಂದ ಹರಿದಾಸರ ಬೆರಳುಗಳು ಚೆನ್ನಾಗಿ ಗೊತ್ತಿದ್ದ ಹಾಡಿಗೂ ತಡಕಾಡತೊಡಗಿದವು. ಆದರೂ ಪಟ್ಟು ಬಿಡದೆ ಹಲವು ಸ್ವರ ಒಟ್ಟಿಗೆ ಮೀಟುವ ಒಂದೆರಡು ಕಾರ್ಡ್ ಕಲಿತು, ಗುರುವಾರ ಠೀವಿಯಿಂದ ನುಡಿಸಿದರು. ಪಲ್ಲವಿ ಮುಗಿಯುವ ಮುಂಚೆಯೇ ಭೀಮಾಬಾಯಿ ಹಾಡು ನಿಲ್ಲಿಸಿದರು.

“ಏನ್ರೀ ಆಗಿದೆ ಇದಕ್ಕೆ?”

“ಸರಿಯಾದ ಶ್ರುತಿ ಇದೇ ಅಂತೆ. ಟೀಚರ್ ಹೇಳಿದಾರೆ.”

“ಸೆರಿ, ಬರೋ ವಾರ ಆ ಟೀಚರನ್ನೇ ಕರ್ಕೊಂಡ್ ಬನ್ನಿ.”

ಅನು ತನ್ನ ಗಿಟಾರನ್ನೂ ಹೊತ್ತುಕೊಂಡೇ ಬಂದಳು. ಭೀಮಾಬಾಯಿ ಅವಳಿಗೆ ಕುಂಕುಮ ಕೊಟ್ಟು, ಪಕ್ಕದಲ್ಲೇ ಕೂರಿಸಿಕೊಂಡು, ಒಂದು ಹಾಡಿಗೆ ಅವಳು ನುಡಿಸಿದ್ದನ್ನು ತಾಳ್ಮೆಯಿಂದ ಕೇಳಿದರು. ಆಮೇಲೆ ಗಂಡನ ಕಡೆ ತಿರುಗಿದರು.

“ಪಾಪ, ಈ ಮಗೂ ಗಿಟಾರನ್ನೂ ಸ್ವಲ್ಪ ತಂಬೂರಿಗೆ ಸೇರಿಸಿಕೊಡಿ.”