ಕಪ್ಪು ಹಣ್ಣಾಗುವವರೆಗೆ

ಕಪ್ಪು-ಬಿಳುಪು ಫೋಟೊ ತೊಳೆಯಲು ತಮ್ಮ ಕೂತನೆಂದರೆ ಮನೆಯವರಿಗೆ ಸ್ನಾನವಿಲ್ಲ. ಬಚ್ಚಲೇ ಅವನ ಕತ್ತಲೆಕೋಣೆ. ಅಕ್ಕ ಹೊಸ ಕೆಂಪು ಅಂಗಿ ತೊಟ್ಟು ಬಂದರೆ ಕಣ್ಣು ಕಿರಿದು ಮಾಡಿ, "ಒಳ್ಳೇ ಬೂದು ಬಣ್ಣ ಅಕ್ಕಾ" ಎನ್ನುತ್ತಾನೆ. ಕಾಮನಬಿಲ್ಲು ಕಂಡರೆ "ಅತಿಯಾಯ್ತು" ಎಂದು ಮುಖ ತಿರುಗಿಸುತ್ತಾನೆ. ಎಂಥ ಚೆಂದದ ಫೋಟೊ ಬಂದರೂ "ಕಪ್ಪು ಇನ್ನೂ ಹಣ್ಣಾಗಿಲ್ಲ" ಎಂದು ಹರಿದುಹಾಕುತ್ತಾನೆ. "ನಮ್ಮವನದು ಹುಚ್ಚೇ, ಆದ್ರೆ ಅಂಥ ಹುಚ್ಚು ಎಲ್ರಿಗೂ ಹಿಡಿಯಲ್ಲ" ಎಂದು ಅಕ್ಕ ತಾನು ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಬೀಗುತ್ತಾಳೆ. ಅವನ ಫೋಟೊ ಪ್ರದರ್ಶನಕ್ಕೆ ಹೋದಾಗ ಸೋಪಿನ ನೀರಿಗೆ ಬಿರಿದ ಕೈಗಳನ್ನು ಚೀಲದ ಹಿಂದೆ ಮುಚ್ಚಿಟ್ಟುಕೊಂಡಿದ್ದಳು. ಎದುರು ಗೋಡೆಯ ತುಂಬ ಅವೇ ಕೈಗಳಿದ್ದವು, ಒಂದೊಂದು ಬಿರುಕೂ ಕಡುಗಪ್ಪಾಗಿ. "ನಲವತ್ತನೇ ಸಲಕ್ಕೆ ಹಣ್ಣಾಯ್ತು ಅಕ್ಕಾ" ಎಂದ ತಮ್ಮ. "ಯಾರ ಕೈಗಳಿವು?" ಎಂದು ಪಕ್ಕದಲ್ಲಿದ್ದವರು ಕೇಳಿದರು. ಅಕ್ಕ ಚೀಲವನ್ನು ತಮ್ಮನಿಗೆ ಕೊಟ್ಟು ಎರಡೂ ಕೈಗಳನ್ನು ಮುಂದೆ ಚಾಚಿದಳು.