ಆಕಾಶದಲ್ಲಿ ಉಲ್ಟಾ ಸ್ವಾಗತ

ಮಾನ್ವಿ ರಸ್ತೆಯ ಹೊಸ ಥೀಮ್ ಪಾರ್ಕಿನಲ್ಲಿ ಡ್ರೋನ್ ಲೈಟ್ ಶೋ ಮಾಡಿಸುವ ಕೆಲಸ ನನಗೆ ಬಂದಿತ್ತು. ಮುನ್ನೂರು ಡ್ರೋನ್‌ಗಳು ದೀಪ ಹೊತ್ತು ಮೇಲೇರಿ, ಆಕಾಶದಲ್ಲಿ ‘ರಾಯಚೂರಿಗೆ ಸುಸ್ವಾಗತ’ ಎಂದು ಬರೆಯಬೇಕು. ಮಧ್ಯಾಹ್ನ ಅವನ್ನು ಪಾರ್ಕಿನ ಹಿಂದಿನ ಬಯಲಲ್ಲಿ ಸಾಲಾಗಿ ಇಡುತ್ತಿದ್ದಾಗ ವಾಚ್‌ಮನ್ ಯಂಕಪ್ಪ ಬಂದ. ದೇವದುರ್ಗದ ಕಡೆಯವನು.

“ಮಂದಿ ಯಾ ಕಡಿ ಕುಂದರ್ತಾರಂತ ನೋಡೀರೇನ್ರಿ ಸರ್?”

“ಅದೆಲ್ಲಾ ಕಂಪ್ಯೂಟರಿಗೆ ಗೊತ್ತಿರ್ತದ,” ಎಂದೆ, ತಲೆ ಕೂಡ ಎತ್ತದೆ.

ಕತ್ತಲಾದ ಮೇಲೆ ಡ್ರೋನ್‌ಗಳು ಎದ್ದವು. ನನ್ನ ಪಕ್ಕ ನಿಂತಿದ್ದ ಯಂಕಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿ, “ಭಾಳ ಚೆಂದ ಬರದೀರಿ,” ಎಂದ. ನಾನು ಬೀಗುತ್ತಿರುವಾಗಲೇ ಪಾರ್ಕಿನ ಮ್ಯಾನೇಜರರ ಫೋನ್ ಬಂತು.

“ಇದು ಯಾವ ಭಾಷಾರೀ?”

ಜನರೆಲ್ಲ ಕೂತಿದ್ದು ಪಾರ್ಕಿನೊಳಗೆ, ಡ್ರೋನ್‌ಗಳ ಆಚೆ ಕಡೆ. ಅವರಿಗೆ ಇಡೀ ಸಾಲು ಕನ್ನಡಿಯೊಳಗಿನ ಹಾಗೆ ಉಲ್ಟಾ ಕಾಣುತ್ತಿತ್ತು. ಕಂಪ್ಯೂಟರಿಗೆ ದಿಕ್ಕು ಹೇಳಿಕೊಟ್ಟ ಜಾಣ ನಾನೇ. ಗಾಬರಿಯಲ್ಲಿ ಮೈಕ್ ಹಿಡಿದು ಎಲ್ಲರನ್ನೂ ಬಯಲಿಗೆ ಕರೆದೆ. ಪಾಪ, ಕೂಸುಗಳನ್ನು ಎತ್ತಿಕೊಂಡು ಸುತ್ತುಹಾಕಿ ಬಂದರು. ಅಷ್ಟರಲ್ಲಿ ಬ್ಯಾಟರಿ ಮುಗಿದು ಡ್ರೋನ್‌ಗಳು ಇಳಿದುಬಿಟ್ಟಿದ್ದವು. ನೂರಾರು ಜನ ಖಾಲಿ ಆಕಾಶ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಇರ್ಲಿ ಬಿಡ್ರಿ ಸರ್,” ಎಂದ ಯಂಕಪ್ಪ. “ನಾ ಓದೀನಲ್ಲ. ಏನ್ ಬರದಿತ್ತಂತ ಅವರಿಗೆ ಹೇಳ್ತೀನಿ.”

ಹೇಳಿಯೂ ಹೇಳಿದ. ಗೇಟಿನಲ್ಲಿ ನಿಂತು, ಮನೆಗೆ ಹೊರಟ ಒಂದೊಂದು ಕುಟುಂಬಕ್ಕೂ ಕೈಮುಗಿದು, ರಾಯಚೂರಿಗೆ ಸುಸ್ವಾಗತ ಕೋರಿ ಕಳಿಸಿದ.