ಜಾಲಿ ಹೊಲದಲ್ಲಿ ಕುರಿ ನಿಲ್ಲಿಸಿದ ಬೇಸಿಗೆ

ಕಂಡಕ್ಟರ್ ಕೆಲಸ ಮಾಡಿದವನ ಕಣ್ಣು ಮೊದಲು ಮನುಷ್ಯನ ಕೈಗೆ ಹೋಗುತ್ತದೆ, ಮುಖಕ್ಕೆ ಆಮೇಲೆ. ಕೈಯಲ್ಲಿ ಟಿಕೆಟ್ ಇದೆಯೋ ಇಲ್ಲವೋ, ಇದ್ದರೆ ಇವತ್ತಿನದೋ ನಿನ್ನೆಯದೋ, ಕಣ್ಣು ಮುಚ್ಚಿಕೊಂಡವನಿಗೆ ನಿಜವಾಗಿ ನಿದ್ದೆ ಹತ್ತಿದೆಯೋ ನಾಟಕವೋ. ವರ್ಷಗಟ್ಟಲೆ ಜಮಖಂಡಿ, ಮುಧೋಳ, ಬೀಳಗಿ ಎಂದು ಬಸ್ಸಿನಲ್ಲಿ ತಿರುಗಿ ಈ ಚಾಳಿ ನನಗೆ ಅಂಟಿಕೊಂಡಿತು. ಕೆಲಸ ಮುಗಿಸಿ ಚೀಲ ಒಪ್ಪಿಸಿದ ಮೇಲೂ ಅದು ನನ್ನ ಜೊತೆ ಮನೆಗೆ ಬರುತ್ತಿತ್ತು. "ನಿಮಗ ಅಂಗಳದಾಗ ಬಿದ್ದ ನೆರಳಿನ ಮ್ಯಾಲೂ ಸಂಶೆ ನೋಡ್ರಿ" ಎಂದು ಹೆಂಡತಿ ರೇಗುತ್ತಿದ್ದಳು. ಅವಳು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ.

ನಮ್ಮದು ಬೀಳಗಿ ಕಡೆಯ ಒಂದು ಹಿನ್ನೀರಿನ ಊರು. ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ಮೇಲೆ ಹಳೆಯ ಊರು ಮುಳುಗಿತು, ನಾವು ದಿಬ್ಬದ ಮೇಲೆ ಕಟ್ಟಿದ ಹೊಸ ಊರಿಗೆ ಬಂದೆವು. ಬೀರಪ್ಪ ದೇವರ ಒಕ್ಕಲಿನವರು ನಾವು, ಕುರಿಯೇ ನಮ್ಮ ಬಾಳು. ಸಂಬಳದ ನೌಕರಿ ಹಿಡಿದವನು ಮನೆಯಲ್ಲಿ ನಾನೊಬ್ಬನೇ. ಅಪ್ಪನಿಗೆ ಅರವತ್ತು ಕುರಿಗಳಿದ್ದವು. ಬೇಸಿಗೆಯಲ್ಲಿ ಅವಕ್ಕೆ ಹಿನ್ನೀರೊಂದೇ ಗತಿ, ಕುಡಿಯುವುದಕ್ಕೂ ಅದೇ, ಉಣ್ಣೆ ಕತ್ತರಿಸುವ ಮುಂಚೆ ಮೈ ತೊಳೆಯುವುದಕ್ಕೂ ಅದೇ. ಊರಿನಿಂದ ನೀರಿಗೆ ಇಳಿಯಲು ಇದ್ದದ್ದು ಒಂದೇ ಕಾಲುದಾರಿ. ಅದು ಜಾಲಿ ಬೆಳೆದ ಒಂದು ಬೀಳು ಹೊಲದ ನಡುವೆ ಹಾದು ಹೋಗುತ್ತಿತ್ತು. ಹೊಲ ಯಾರದೋ, ದಾರಿ ಮಾತ್ರ ಎಲ್ಲರದು ಎಂದು ನಾವು ತಿಳಿದಿದ್ದೆವು. ಕಾಗದದಲ್ಲಿ ಯಾರೂ ನೋಡಿರಲಿಲ್ಲ.

ಯುಗಾದಿಯ ಹೊತ್ತಿಗೆ ನೀರು ಹಿಂದೆ ಸರಿದು, ಹಳೆಯ ಹೊಳೆದಂಡೆಯ ಮರಳು ಉದ್ದಕ್ಕೂ ಬಯಲಾಗುತ್ತಿತ್ತು. ಅದನ್ನು ಮೊದಲು ಹುಡುಕಿಕೊಂಡು ಬಂದವರು ಹಕ್ಕಿಗಳ ಫೋಟೋ ತೆಗೆಯುವ ಮೂರು ಜನ. ಪಾಪ, ಸಂಭಾವಿತರು ಎಂದಿತು ಊರು. ನಾನು ಒಪ್ಪಲಿಲ್ಲ. ಅಷ್ಟುದ್ದದ ಕ್ಯಾಮರಾದಲ್ಲಿ ಹಕ್ಕಿ ಮಾತ್ರ ಕಾಣುತ್ತದೆಯೇ? ದಂಡೆಯಲ್ಲಿ ಬಟ್ಟೆ ಒಗೆಯುವ ನಮ್ಮ ಹೆಂಗಸರು ಕಾಣುವುದಿಲ್ಲವೇ? ಆಮೇಲಿನ ವರ್ಷ ಒಂದು ಭಾನುವಾರ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಕಪ್ಪು ಕನ್ನಡಕದವರ ಗುಂಪೊಂದು ನನ್ನ ಬಸ್ಸು ಹತ್ತಿತು.

"ಬೀಚಿಗೆ ಆರ ಟಿಕೀಟ ಕೊಡ್ರಿ."

"ಇದು ಗೋವಾದ ಬಸ್ಸಲ್ರಿ. ಎಲ್ಲಿ ಬೀಚು?"

"ಹಿನ್ನೀರಿನ ಬೀಚರಿ. ದಿನಾ ಇದ ದಾರ್ಯಾಗ ಅಡ್ಡಾಡ್ತೀರಿ, ಗೊತ್ತಿಲ್ಲೇನ?"

ನಾನು ಇರುವ ಊರಿಗೆ ನನಗೇ ಗೊತ್ತಿಲ್ಲದ ಹೆಸರು. ಟಿಕೆಟ್ ಹರಿದು ಕೊಟ್ಟೆ, ಮೈಯೆಲ್ಲ ಉರಿಯಿತು.

ಎರಡು ಬೇಸಿಗೆ ಕಳೆಯುವುದರೊಳಗೆ ಜಾತ್ರೆಗೂ ಮೀರಿದ ಗದ್ದಲ. ಮುಧೋಳದ ಕಡೆ ಕಬ್ಬಿನ ಸೀಸನ್ ಮುಗಿದರೆ ಅಲ್ಲಿಂದ ಜೀಪುಗಳು, ರಬಕವಿ ಬನಹಟ್ಟಿಯಲ್ಲಿ ಮಗ್ಗಕ್ಕೆ ಸೂಟಿಯಿದ್ದರೆ ಅಲ್ಲಿಂದ ಟಂಟಂ ಆಟೋಗಳು. ಹೆಂಗಸರು ನೀರಿಗೆ ಇಳಿಯುವುದನ್ನು ಬಿಟ್ಟರು. ಮೀನು ಹಿಡಿಯುವವರು ಊರಿನವರಿಗೆ ಮೀನು ಕೊಡುವುದನ್ನು ಬಿಟ್ಟರು, ಹುರಿದು ಮಾರಿದರೆ ಮೂರು ಪಟ್ಟು ಸಿಗುವಾಗ ನಮಗ್ಯಾಕೆ ಕೊಟ್ಟಾರು. ಬಂದವರು ಶೌಚಕ್ಕೆ ನಮ್ಮ ಹಿತ್ತಿಲು ಹುಡುಕಿದರು. ಬಾಟಲಿ ಒಡೆದು ಮರಳಲ್ಲಿ ಮುಚ್ಚಿ ಹೋದರು. ಸೋಮವಾರ ಬೆಳಿಗ್ಗೆ ಅಪ್ಪ ಕುರಿಗಳ ಗೊರಸು ಹಿಡಿದು ಒಂದೊಂದಾಗಿ ಗಾಜು ಕೀಳುತ್ತ ಕೂರುತ್ತಿದ್ದ. ಒಂದು ಗಬ್ಬದ ಕುರಿ ಹೊಟ್ಟೆ ಉಬ್ಬಿ ಸತ್ತಾಗ ಕೊಯ್ದು ನೋಡಿದರೆ ಒಳಗೆ ಪ್ಲಾಸ್ಟಿಕ್ ಚೀಲದ ಉಂಡೆ.

ಅದಕ್ಕಿಂತ ಕೆಟ್ಟದ್ದೆಂದರೆ ಊರಿನವರು ಒಬ್ಬರನ್ನೊಬ್ಬರು ನೋಡುವ ರೀತಿ. ಹಳೆಯ ಊರಿನಲ್ಲಿ ಬಾಗಿಲಿಗೆ ಬೀಗ ಹಾಕಿದ್ದು ನನಗೆ ನೆನಪಿಲ್ಲ. ಈಗ ನೀರು ತರಲು ಹೋದರೂ ಬೀಗ. ಯಾರ ಹಿತ್ತಿಲಲ್ಲಿ ಕಾರು ನಿಂತಿದೆ, ಯಾರು ಯಾರಿಗೆ ಜಾಗ ತೋರಿಸಿದರು, ಯಾರ ಮನೆಗೆ ಹೊಸ ಟಿವಿ ಬಂತು ಎಂಬುದೇ ಕಟ್ಟೆಯ ಮಾತು. ನನಗಂತೂ ಇದು ಹೇಳಿ ಮಾಡಿಸಿದ ಕಾಲ. ಇಷ್ಟು ದಿನ ನನ್ನೊಬ್ಬನದಾಗಿದ್ದ ರೋಗ ಊರಿಗೆಲ್ಲ ಬಂದಿತ್ತು.

ಇಂಥ ನಾನು ಒಬ್ಬನ ಮೇಲೆ ಮಾತ್ರ ಮೊದಲಿಗೆ ಸಂಶಯಪಡಲಿಲ್ಲ. ಆತ ಬೀಳಗಿಯಲ್ಲಿ ಬಸ್ಸು ಹತ್ತಿದ ಐವತ್ತರ ಆಸುಪಾಸಿನ ಮನುಷ್ಯ, ಬಿಳಿ ಅಂಗಿ, ಮೆತ್ತಗಿನ ಮಾತು. ತಾನಾಗಿಯೇ ಚಿಲ್ಲರೆ ತೆಗೆದು ಟಿಕೆಟ್ ಕೊಂಡ, ಅದನ್ನು ಮಡಿಚಿ ಗಡಿಯಾರದ ಪಟ್ಟಿಯೊಳಗೆ ಸಿಕ್ಕಿಸಿಕೊಂಡ. ಟಿಕೆಟ್ಟನ್ನು ಹಾಗೆ ಜೋಪಾನ ಮಾಡುವವರನ್ನು ಕಂಡರೆ ಕಂಡಕ್ಟರಿಗೆ ಮನಸ್ಸು ಕರಗುತ್ತದೆ. ಆ ಜಾಲಿ ಹೊಲ ತಾನು ಕೊಂಡಿದ್ದಾಗಿ ಹೇಳಿದ.

"ಜಾಲಿ ಕಡಿಸೇನ್ರಿ. ಕಸಾ ಭಾಳ ಐತಿ. ಇಲ್ಲಿ ಕುರಿ ನಿಲ್ಲಸೋ ಮಂದಿ ಯಾರರ ಅದಾರೇನು?"

"ನಮ್ಮಪ್ಪನ ಅದಾನ್ರಿ" ಎಂದೆ. ಹೇಳುವಾಗ ಹೆಮ್ಮೆಯೂ ಆಯಿತು. ಮನೆಯ ಗುರುತನ್ನೂ ಹೇಳಿದೆ.

ಕುರಿ ನಿಲ್ಲಿಸುವುದೆಂದರೆ ನಮ್ಮಲ್ಲಿ ಹಳೆಯ ಪದ್ಧತಿ. ಬಿತ್ತನೆಗೆ ಮುಂಚೆ ಹೊಲದವರು ಕುರಿಗಾರನನ್ನು ಕರೆಸುತ್ತಾರೆ. ಹಿಂಡು ಕೆಲವು ರಾತ್ರಿ ಆ ಹೊಲದಲ್ಲೇ ಮಲಗುತ್ತದೆ. ಹಗಲು ಕಸ ಮೇಯುತ್ತದೆ, ಹಿಕ್ಕಿ ಹಾಕಿ ಗೊಬ್ಬರ ಮಾಡುತ್ತದೆ, ನೆಲ ತುಳಿಯುತ್ತದೆ. ಬದಲಿಗೆ ಹೊಲದವರು ಕುರಿಗಾರನಿಗೆ ಊಟ ಹಾಕಿ ಜೋಳ ಕೊಡುತ್ತಾರೆ, ಕುರಿ ಎಬ್ಬಿಸುವ ದಿನ ಒಂದು ರುಮಾಲು ಸುತ್ತಿ ಕಳಿಸುತ್ತಾರೆ. ಆ ಮನುಷ್ಯ ಮನೆಗೆ ಬಂದು ಹೋದ ಮೇಲೆ ಅಪ್ಪ ಮಗುವಿನ ಹಾಗೆ ಖುಷಿಯಾಗಿದ್ದ. ಮೋಜಿನ ಮಂದಿಯ ನಡುವೆ ಕೊನೆಗೂ ಒಬ್ಬ ರೈತ ಬಂದ ಎಂಬ ಖುಷಿ.

ಅಷ್ಟರಲ್ಲಿ ನನ್ನ ಹಳೆಯ ಬುದ್ಧಿ ಎಚ್ಚರವಾಗಿತ್ತು. "ಯಪ್ಪಾ, ಅಂವಾ ಖರೇನ ಬಿತ್ತತಾನಂತೀಯೇನ?" ಎಂದೆ.

"ಏ ಹುಚ್ಚಾ, ಕುರಿ ನಿಲ್ಲಸಂತ ಕೇಳಾಂವ ಬಿತ್ತಾಂವನ ಇರತಾನ. ಮಜಾ ಮಾಡಾಕ ಬಂದಾಂವ ಹಿಕ್ಕಿ ಕೇಳತಾನೇನ?"

ಕುರಿಯ ಹಿಕ್ಕಿಗೆ ಮಣ್ಣಿನ ಹೊರತು ಬೇರೆ ಉಪಯೋಗ ಇರಬಹುದೆಂದು ನಮ್ಮ ಕುಲದಲ್ಲಿ ಯಾರೂ ಯೋಚಿಸಿದ್ದಿಲ್ಲ. ಅಪ್ಪ ತನ್ನ ಹಿಂಡಲ್ಲದೆ ಇನ್ನೂ ಇಬ್ಬರ ಹಿಂಡು ಕೂಡಿಸಿಕೊಂಡು ಹದಿನೈದು ದಿನ ಅಲ್ಲಿ ನಿಂತ. ಹೊಲ ಸಾರಿಸಿದ ಅಂಗಳದಂತಾಯಿತು. ಹುಲ್ಲಿನ ಎಸಳಿಲ್ಲ, ಹೆಂಟೆಯಿಲ್ಲ. ಕೊನೆಯ ದಿನ ಆ ಮನುಷ್ಯ ಅಪ್ಪನಿಗೆ ಗುಲಾಬಿ ಬಣ್ಣದ ರುಮಾಲು ಸುತ್ತಿದ. ಅಪ್ಪ ನಗುತ್ತ ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ಕಂಡೆ. ರುಮಾಲು ಸುತ್ತುವ ನಮ್ಮ ರೂಢಿ ಪರವೂರಿನ ಈ ಮನುಷ್ಯನಿಗೆ ಹೇಗೆ ಗೊತ್ತು? ರುಮಾಲಿನ ಜೊತೆ ಇನ್ನೇನು ಕೈ ಬದಲಾಯಿಸಿತು? ಆ ದಿನವೆಲ್ಲ ಟಿಕೆಟ್ ಹರಿಯುತ್ತ ಇದನ್ನೇ ತಿರುವಿ ತಿರುವಿ ಹಾಕಿದೆ.

ವಾರದೊಳಗೆ ಹೊಲದ ಸುತ್ತ ಕಲ್ಲುಕಂಬ, ಮುಳ್ಳುತಂತಿ. ರಸ್ತೆಯ ಕಡೆ ಕಬ್ಬಿಣದ ಗೇಟು, ಮೇಲೆ ತೆಂಗಿನಮರದ ಚಿತ್ರವಿದ್ದ ಬೋರ್ಡು. ನಮ್ಮ ಸೀಮೆಯ ಆ ದಂಡೆಯಲ್ಲಿ ಒಂದೂ ತೆಂಗಿನಮರ ಇರಲಿಲ್ಲ. ಒಳಗೆ ನೀಲಿ ಡೇರೆಗಳು, ಕಾರು ನಿಲ್ಲಿಸುವ ಜಾಗ. ಅಪ್ಪ ಎಂದಿನಂತೆ ಕುರಿ ಹೊಡೆದುಕೊಂಡು ಹೋದ. ಅವತ್ತು ನನಗೆ ರಜೆ, ನಾನೂ ಹಿಂದೆ ಇದ್ದೆ.

"ಬಾಗಲಾ ತಗಿಯೋ ತಮ್ಮಾ. ಕುರಿ ನೀರ ಕುಡದ ಬರತಾವ" ಎಂದ ಅಪ್ಪ ಕಾವಲುಗಾರನಿಗೆ.

"ಕುರಿ ಒಳಗ ಬಿಡಬ್ಯಾಡಂತ ಸಾಹೇಬ್ರು ಹೇಳ್ಯಾರ್ರಿ, ಯಜ್ಜಾ. ಮಂದಿಗೆ ವಾಸನಿ ಬರತೈತಂತ."

ಅಪ್ಪ ಗೇಟು ಹಿಡಿದು ಅಲ್ಲಾಡಿಸಿ ನೋಡಿದ. ಬಾಯಾರಿದ ಕುರಿಗಳು ತಂತಿಗೆ ಮೂತಿ ಒತ್ತುತ್ತಿದ್ದವು. ಆಮೇಲೆ ಡಾಂಬರು ರಸ್ತೆಯಿಂದ ಸುತ್ತು ಹಾಕಿ, ಕಾರುಗಳ ಹಾರ್ನು ಕೇಳುತ್ತ, ಎರಡೂವರೆ ಮೈಲು ನಡೆದು ನೀರು ಮುಟ್ಟಿಸಿದೆವು. ಮರಳಿ ಬರುವಷ್ಟರಲ್ಲಿ ಅವಕ್ಕೆ ಮತ್ತೆ ಬಾಯಾರಿತ್ತು. ಜಾಗ ಹಸನು ಮಾಡಲು ಕೂಲಿ ಮಂದಿಯನ್ನು ಹಚ್ಚುವ ಬದಲು ಆತ ಕುರಿ ಹಚ್ಚಿದ್ದ, ಅಷ್ಟೇ. ನಮ್ಮ ದಾರಿಯನ್ನು ನಮ್ಮ ಕುರಿಗಳೇ ತುಳಿದು ಅವನಿಗೆ ಚೊಕ್ಕ ಮಾಡಿಕೊಟ್ಟಿದ್ದವು.

ಮುಂದಿನ ಅಮಾವಾಸ್ಯೆ ಬೆಳಿಗ್ಗೆ ಕುರಿಯಿದ್ದ ಮನೆಯವರೆಲ್ಲ ಬೀರಪ್ಪನ ಗುಡಿಯ ಕಟ್ಟೆಯಲ್ಲಿ ಸೇರಿದರು. ಯಾರೂ ಅಪ್ಪನ ಹೆಸರು ಎತ್ತಲಿಲ್ಲ. ಎಲ್ಲರೂ ಅವನ ತಲೆಯ ಮೇಲಿದ್ದ ರುಮಾಲನ್ನು ನೋಡುತ್ತಿದ್ದರು. ಒಬ್ಬರು ಮಾತ್ರ, ಯಾರನ್ನೂ ನೋಡದೆ, "ಒಳಗಿನವರ ಕೈ ಇಲ್ಲದ ಹೊರಗಿನವರಿಗೆ ದಾರಿ ಸಿಗೂದಿಲ್ಲ" ಎಂದರು. ಒಳಗಿನವನು ನಾನೇ ಆಗಿದ್ದೆ. ಬಸ್ಸಿನಲ್ಲಿ ಗುರುತು ಹೇಳಿ ಕಳಿಸಿದವನು ನಾನು. ಆ ಮಾತು ಹೊರಬಿದ್ದರೆ ಗತಿಯೇನು ಎಂಬ ಹೆದರಿಕೆ ಒಂದು ಕಡೆ. ಅಪ್ಪ ನಿಜಕ್ಕೂ ಏನೋ ತೆಗೆದುಕೊಂಡಿರಬೇಕು ಎಂಬ ಗುಮಾನಿ ಇನ್ನೊಂದು ಕಡೆ. ಎರಡೂ ಸೇರಿ ನನ್ನ ಬಾಯಿ ತೆರೆಸಿದವು.

"ಯಪ್ಪಾ, ಏನರ ಇಸಗೊಂಡಿದ್ರ ಹೇಳಿಬಿಡು. ಇಲ್ಲಾಂದ್ರ ಭಂಡಾರ ಮುಟ್ಟು."

ಭಂಡಾರವೆಂದರೆ ಬೀರಪ್ಪನ ಮುಂದಿನ ಅರಿಶಿನ ಪುಡಿ. ಅದನ್ನು ಮುಟ್ಟಿ ನಮ್ಮವರು ಸುಳ್ಳು ಹೇಳುವುದಿಲ್ಲ, ಮುಟ್ಟಿ ಹೇಳಿದವನನ್ನು ಮತ್ತೆ ಕೇಳುವುದೂ ಇಲ್ಲ. ಹಾಗಾಗಿಯೇ ಅದನ್ನು ಸುಮ್ಮಸುಮ್ಮನೆ ಮುಟ್ಟಿಸುವುದಿಲ್ಲ.

"ಮಗಾ ಆಗಿ ಅಪ್ಪಗ ಭಂಡಾರ ಮುಟ್ಟಸ್ತೀಯೇನಲೇ?" ಎಂದರು ಪೂಜಾರಿ ಹಿರಿಯರು.

ಅಪ್ಪ ಆಗಲೇ ಎದ್ದಿದ್ದ. ಗುಡಿಯೊಳಗೆ ಹೋಗಿ ಭಂಡಾರದ ತಟ್ಟೆಯಲ್ಲಿ ಕೈಯಿಟ್ಟ. "ಅವನ ಜ್ವಾಳಾ ತಿಂದೇನಿ. ಈ ರುಮಾಲ ಇಸಗೊಂಡೇನಿ, ಅದೂ ರೂಢಿ ಐತಿ ಅಂತ ನಾನ ಅವಗ ಹೇಳಿಕೊಟ್ಟಿದ್ದೆ. ಬ್ಯಾರೆ ಏನೂ ಮುಟ್ಟಿಲ್ಲ. ಹಿಕ್ಕಿ ಕೇಳಿದಾಂವ ಬಿತ್ತತಾನಂತ ತಿಳದೆ. ಅದೊಂದ ನನ್ನ ತಪ್ಪ." ರುಮಾಲು ಬಿಚ್ಚಿ ಮೆಟ್ಟಿಲ ಮೇಲೆ ಇಟ್ಟ.

ಅಲ್ಲಿಗೆ ಮುಗಿಯಿತು. ಎಲ್ಲರ ಮುಖದ ಬಿಗಿ ಸಡಿಲಾಯಿತು, ಯಾರೋ ಅಪ್ಪನಿಗೆ ಎಲೆ ಅಡಿಕೆ ಕೊಟ್ಟರು. ನನ್ನ ಕಣ್ಣು ಮಾತ್ರ ಅವನ ಕೈಗೆ ಹೋಯಿತು. ಬೆರಳಿಗೆ ಭಂಡಾರ ನಿಜವಾಗಿ ಹತ್ತಿದೆಯೇ ಎಂದು ನೋಡಿದೆ. ಹತ್ತಿತ್ತು. ನಾನು ನೋಡಿದ್ದನ್ನು ಅಪ್ಪ ನೋಡಿದ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಬಸ್ಸಿನ ಸಂಗತಿ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಸಂಜೆಯಿಂದ ಅಪ್ಪ ಒಂದು ಹೊಸ ರೂಢಿ ಹಿಡಿದ. ಹೊರಗಿನಿಂದ ಬಂದವನೇ ನನ್ನ ಮುಂದೆ ಕೂತು ಅಂಗಿಯ ಕಿಸೆ ಬರಿದು ಮಾಡುವುದು. ತಂಬಾಕಿನ ಚೀಲ, ಸುಣ್ಣದ ಡಬ್ಬಿ, ಒಂದೆರಡು ನಾಣ್ಯ, ದಾರದ ತುಂಡು. ಕಿಸೆಯನ್ನು ಹೊರಳಿಸಿಯೂ ತೋರಿಸುತ್ತಿದ್ದ. ನಾನು ನೋಡುವವರೆಗೆ ಏಳುತ್ತಿರಲಿಲ್ಲ. ಬೇಡವೆಂದು ಅವ್ವ ಬೈದಳು, ಹೆಂಡತಿ ಅತ್ತಳು. ಅವನು ಕೇಳಲಿಲ್ಲ.

ದಾರಿಗಾಗಿ ಕಚೇರಿ ಕಚೇರಿ ಅಲೆದೆವು. ಕಾಗದದಲ್ಲಿ ಆ ದಾರಿ ಇರಲಿಲ್ಲ. ಕುರಿಗಳು ರಸ್ತೆ ಸುತ್ತಿ ಸುತ್ತಿ ಬಡಕಲಾದವು, ಎರಡು ಕುರಿ ಕಾರಿನಡಿ ಸಿಕ್ಕಿ ಸತ್ತವು. ಮರುವರ್ಷ ಅಪ್ಪ ಹಿಂಡು ಮಾರಿದ. ಇನ್ನೆರಡು ಬೇಸಿಗೆ ಕಳೆದ ಮೇಲೆ ದಂಡೆ ಕೊಳಕಾಯಿತೆಂದು ಬರುವವರೇ ಬರುವುದನ್ನು ಬಿಟ್ಟರು, ಮೇಲಕ್ಕೆಲ್ಲೋ ಹೊಸ ಮರಳು ಸಿಕ್ಕಿತಂತೆ. ಡೇರೆಗಳು ಹೋದವು. ಗೇಟನ್ನು ಯಾರೋ ಕಿತ್ತೊಯ್ದರು. ದಾರಿ ತೆರೆಯಿತು, ಆದರೆ ಅದರಲ್ಲಿ ನಡೆಯಲು ನಮ್ಮ ಮನೆಯಲ್ಲಿ ಕುರಿ ಇರಲಿಲ್ಲ.

ಆ ವರ್ಷ ಒಂದು ಸಂಜೆ ಅಪ್ಪ ಎಂದಿನಂತೆ ಕಿಸೆ ಬರಿದು ಮಾಡುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಯಪ್ಪಾ, ಆ ಮನಷ್ಯಾಗ ನಿನ್ನ ಗುರುತ ಹೇಳಿದಾಂವ ನಾನ. ಬಸ್ಸಿನ್ಯಾಗ ಹೇಳಿದ್ದೆ."

"ಗೊತ್ತೈತಿ" ಎಂದ ಅಪ್ಪ. "ನಿಮ್ಮ ಮಗಾನ ಕಳಸ್ಯಾರಂತ ಅಂವಾ ಮೊದಲನೇ ದಿನಾನ ಹೇಳಿದ್ದ. ನೀ ಕಳಿಸಿದಾಂವ ಅಂತನ ನಾ ಹೂಂ ಅಂದದ್ದು."

"ಮತ್ತ ಕಟ್ಟಿ ಮ್ಯಾಲೆ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನಗೂ ಭಂಡಾರ ಮುಟ್ಟಂತಿದ್ರು." ಸುಣ್ಣದ ಡಬ್ಬಿಯನ್ನು ಕಿಸೆಗೆ ಹಾಕಿಕೊಂಡ. "ನೀ ಮುಟ್ಟಿ ಖರೆ ಹೇಳತಿದ್ದಿ ಅಂತ ನನಗ ನಂಬಿಕಿ ಬರಲಿಲ್ಲ."

ಉಳಿದ ನಾಣ್ಯಗಳನ್ನೂ ಎತ್ತಿಕೊಂಡು ಅವನು ಒಳಗೆ ಹೋದ.